ಪ್ರಾಣಿಗಳ ಕ್ಯಾನ್ಸರ್ ವೈದ್ಯರು ಎಲ್ಲಿಂದ ಬರಬೇಕು?

ಹೆಬ್ಬಾಳದಲ್ಲೋ ಬೀದರಿನಲ್ಲೋ ಪಶುವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ‘ನಾನು ಪ್ರಾಣಿಗಳ ಕ್ಯಾನ್ಸರ್ ವೈದ್ಯೆಯಾಗಬೇಕು’ ಎಂದರೆ ಹಿರಿಯರಿಂದ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಅಮೆರಿಕಕ್ಕೆ ಹೋಗು ಎನ್ನುವುದು ಒಂದು. ನಮ್ಮಲ್ಲಿ ಅದೆಲ್ಲ ಇಲ್ಲ, ಎಂ.ವಿ.ಎಸ್ಸಿ. ಮುಗಿಸಿ ಇಲಾಖೆಯ ನೌಕರಿ ಹಿಡಿ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಹಾಗೆ ಹೇಳುವವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ. ನಮ್ಮ ಕೊಟ್ಟಿಗೆಯ, ನಮ್ಮ ಬೀದಿಯ, ನಮ್ಮ ಮನೆಯ ಪ್ರಾಣಿಗಳಿಗೆ ಯಾವ ಯಾವ ಕ್ಯಾನ್ಸರ್ ಬರುತ್ತದೆ? ಅದಕ್ಕೆ ಎಂಥ ವೈದ್ಯರು ಬೇಕು? ಅಲ್ಲಿಂದ ಹೊರಟರೆ ಈ ವೃತ್ತಿಯ ಚಿತ್ರವೇ ಬೇರೆಯಾಗಿ ಕಾಣುತ್ತದೆ ಎಂಬುದು ನನ್ನ ನಂಬಿಕೆ.

ಕೊಂಬಿನ ಕ್ಯಾನ್ಸರಿನಿಂದಲೇ ಶುರು ಮಾಡೋಣ. ಉಳುವ ಎತ್ತು ಪದೇ ಪದೇ ತಲೆ ಕೊಡವುತ್ತದೆ, ಕೊಂಬನ್ನು ಗೂಟಕ್ಕೋ ಮರಕ್ಕೋ ಉಜ್ಜುತ್ತದೆ, ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುತ್ತದೆ. ಮುಂದೆ ಆ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಸುರಿಯುತ್ತದೆ. ಕೊಂಬಿನ ಬುಡ ಸಡಿಲಾಗಿ ಕೊಂಬು ಜೋತು ಬೀಳುತ್ತದೆ. ಕೊನೆಗೆ ಅದು ಕಳಚಿ, ಒಳಗಿನಿಂದ ಹೂಕೋಸಿನಂಥ ಗಡ್ಡೆ ಹೊರಗೆ ಬಂದು ಹುಳು ಬೀಳುತ್ತದೆ. ಕೊಂಬಿನ ಒಳಗಿರುವ ಟೊಳ್ಳು ಭಾಗದ ಒಳಪದರದಲ್ಲಿ ಹುಟ್ಟುವ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಇದು. ಭಾರತದ ಹಿಣಿಲಿನ ದನಗಳಲ್ಲಿ ಹೆಚ್ಚು, ಅದರಲ್ಲೂ ಬೀಜ ಒಡೆದ ಎತ್ತುಗಳಲ್ಲಿ ಹೆಚ್ಚು. ನೊಗದ ಉಜ್ಜಾಟ, ಕೊಂಬು ಹೆರೆಯುವುದು, ಬಿಸಿಲು, ಬೀಜ ಒಡೆದ ಮೇಲಿನ ಹಾರ್ಮೋನು ವ್ಯತ್ಯಾಸ ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ಯಾವುದೊಂದೂ ಖಚಿತವಾಗಿ ಸಿದ್ಧವಾಗಿಲ್ಲ. ಪಶ್ಚಿಮದ ಆಂಕಾಲಜಿ (ಕ್ಯಾನ್ಸರ್ ವೈದ್ಯಶಾಸ್ತ್ರ) ಪಠ್ಯಗಳಲ್ಲಿ ಈ ರೋಗಕ್ಕೆ ಸಿಗುವ ಜಾಗ ಬಹಳ ಕಡಿಮೆ. ಉಳುವ ಎತ್ತೇ ಇಲ್ಲದ ದೇಶಗಳು ಇದನ್ನು ಏಕೆ ಅಧ್ಯಯನ ಮಾಡಬೇಕು? ಮಾಡಬೇಕಾದವರು ನಾವು.

ಚಿಕಿತ್ಸೆ ಇದೆ. ಮೊದಲ ಹಂತದಲ್ಲಿ ಬಂದರೆ ಕೊಂಬಿನ ನರಕ್ಕೆ ಅರಿವಳಿಕೆ ಕೊಟ್ಟು, ಕೊಂಬನ್ನು ಬುಡಸಮೇತ ತೆಗೆದು, ಚರ್ಮವನ್ನು ಮೇಲೆ ಎಳೆದು ಹೊಲಿದರೆ ಎತ್ತು ಮತ್ತೆ ಉಳುಮೆಗೆ ಬರಬಲ್ಲದು. ಜೊತೆಗೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಡುವ ರೂಢಿಯೂ ಇದೆ. ತಡವಾಗಿ ಬಂದರೆ ಗಡ್ಡೆ ಮರಳಿ ಬೆಳೆಯುತ್ತದೆ. ತೊಂದರೆ ಇರುವುದು ಈ ‘ತಡ’ದಲ್ಲಿ. ಹಳ್ಳಿಕಾರ್, ಅಮೃತಮಹಲ್ ತಳಿಗಳ ನೀಳ ಕೊಂಬು ಜಾತ್ರೆಯಲ್ಲಿ ಬೆಲೆ ಕಟ್ಟುವ ಅಂಗ. ಜೋಡಿಯಲ್ಲಿ ಒಂದರ ಕೊಂಬು ಹೋದರೆ ಜೋಡಿಯೇ ಹೋದಂತೆ. ರೈತ ಕೊಂಬು ತೆಗೆಸಲು ಹಿಂಜರಿಯುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಆ ಲೆಕ್ಕವನ್ನು ಅವನ ಎದುರು ಕುಳಿತು ಅವನ ಮಾತಿನಲ್ಲೇ ಬಿಡಿಸಿ ಹೇಳಬಲ್ಲವರು ಕ್ಯಾನ್ಸರ್ ವೈದ್ಯರ ಕೆಲಸದ ಅರ್ಧವನ್ನು ಅಲ್ಲೇ ಮುಗಿಸಿರುತ್ತಾರೆ.

ಜಾನುವಾರುಗಳ ಉಳಿದ ಕ್ಯಾನ್ಸರುಗಳನ್ನು ಬೇಗ ನೋಡಿಬಿಡೋಣ. ಕಣ್ಣಿನ ಸುತ್ತ ಬಣ್ಣವಿಲ್ಲದ ಬಿಳಿ ಚರ್ಮ ಇರುವ ದನಗಳಿಗೆ ಬಿಸಿಲಿನಿಂದ ಕಣ್ಣಿನ ಕ್ಯಾನ್ಸರ್ ಬರುತ್ತದೆ. ಹಿಮಾಲಯದ ತಪ್ಪಲು ಮತ್ತು ನೀಲಗಿರಿಯಂಥ ಎತ್ತರದ ಸೀಮೆಗಳಲ್ಲಿ ಬ್ರಾಕನ್ ಎಂಬ ಜರೀಗಿಡವನ್ನು ವರ್ಷಗಟ್ಟಲೆ ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಬರುತ್ತದೆ, ಮೂತ್ರಕೋಶದಲ್ಲಿ ಗಡ್ಡೆ ಬೆಳೆಯುತ್ತದೆ. ಆ ಗಿಡದಲ್ಲಿರುವ ಟಾಕಿಲೋಸೈಡ್ ಎಂಬ ವಿಷವೇ ಇದಕ್ಕೆ ಮುಖ್ಯ ಕಾರಣ, ಪ್ಯಾಪಿಲೋಮಾ ವೈರಸ್ಸು ಜೊತೆಗಾರ. ಮೇವು ಬದಲಿಸಿದರೆ ತಪ್ಪಿಸಬಹುದಾದ ಕ್ಯಾನ್ಸರ್ ಇದು. ಕೋಳಿಗಳ ಮಾರೆಕ್ಸ್ ರೋಗ ಹರ್ಪಿಸ್ ಜಾತಿಯ ವೈರಸ್ಸಿನಿಂದ ಬರುವ ಲಿಂಫೋಮಾ, ಅಂದರೆ ಲಿಂಫ್ ಕೋಶಗಳ ಕ್ಯಾನ್ಸರ್. ಅದಕ್ಕೆ 1970ರ ಸುಮಾರಿಗೇ ಲಸಿಕೆ ಬಂತು. ಹ್ಯಾಚರಿಯಲ್ಲಿ ಒಂದು ದಿನದ ಮರಿಗೆ ಹಾಕುವ ಆ ಲಸಿಕೆ ಕ್ಯಾನ್ಸರ್ ತಡೆಯುವ ಲಸಿಕೆಗಳಲ್ಲಿ ಜಗತ್ತಿನಲ್ಲೇ ಮೊದಲ ದೊಡ್ಡ ಯಶಸ್ಸು. ಮನುಷ್ಯರ ವೈದ್ಯಶಾಸ್ತ್ರ ಆ ಹಂತ ತಲುಪಿದ್ದು ಅದಾದ ಮೇಲೆ.

ನಾಯಿಗಳಿಗೆ ಬರೋಣ. ನಮ್ಮ ಊರುಗಳ ಬೀದಿನಾಯಿಗಳಲ್ಲಿ ಪಶುವೈದ್ಯರು ತೀರಾ ಸಾಮಾನ್ಯವಾಗಿ ಕಾಣುವ ಗಡ್ಡೆ ಟಿ.ವಿ.ಟಿ., ಅಂದರೆ ಕೂಡುವಿಕೆಯಿಂದ ಹರಡುವ ಗಡ್ಡೆ. ಜನನಾಂಗದಿಂದ ರಕ್ತ ತೊಟ್ಟಿಕ್ಕುವುದೇ ಇದರ ಗುರುತು. ಇಷ್ಟು ವಿಚಿತ್ರವಾದ ಕ್ಯಾನ್ಸರುಗಳು ಅಪರೂಪ. ಇಲ್ಲಿ ಹರಡುವುದು ವೈರಸ್ಸಲ್ಲ, ಕ್ಯಾನ್ಸರಿನ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಅಲ್ಲಿ ಬೇರೂರುತ್ತವೆ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯ ಕೋಶಗಳು ಇಂದಿಗೂ ಜಗತ್ತಿನ ನಾಯಿಗಳಲ್ಲಿ ಜೀವಂತವಾಗಿವೆ. 2019ರಲ್ಲಿ ಪ್ರಕಟವಾದ ಜೀನ್ ಅಧ್ಯಯನ ಈ ಗಡ್ಡೆಯ ಹುಟ್ಟನ್ನು 4,000ದಿಂದ 8,500 ವರ್ಷಗಳ ಹಿಂದೆ, ಏಷ್ಯಾದಲ್ಲಿ ಎಂದು ಗುರುತಿಸಿತು. ಟಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಯಲ್ಲಿ 1996ರಲ್ಲಿ ಕಂಡುಬಂದ ಮುಖದ ಗಡ್ಡೆಯೂ ಹೀಗೆಯೇ, ಕಚ್ಚಾಟದಿಂದ ಹರಡುತ್ತದೆ.

ಟಿ.ವಿ.ಟಿ.ಯ ಮದ್ದು ಅದೇ ವಿನ್‌ಕ್ರಿಸ್ಟಿನ್. ವಾರಕ್ಕೊಂದರಂತೆ ನಾಲ್ಕರಿಂದ ಆರು ಸಲ ರಕ್ತನಾಳಕ್ಕೆ ಕೊಟ್ಟರೆ ಹತ್ತರಲ್ಲಿ ಒಂಬತ್ತು ನಾಯಿಗಳಿಗಿಂತ ಹೆಚ್ಚು ಪೂರ್ತಿ ಗುಣವಾಗುತ್ತವೆ. ಈ ಔಷಧಿ ಸಿಗುವುದು ಕಾಶಿಕಣಗಿಲೆಯಿಂದ, ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ಆ ನಿತ್ಯಪುಷ್ಪದಿಂದ. ಭಾರತದಲ್ಲೇ ತಯಾರಾಗುವ ಈ ಮದ್ದು ಸುಲಭ ಬೆಲೆಗೆ ಸಿಗುತ್ತದೆ. ಕ್ಯಾನ್ಸರ್ ಚಿಕಿತ್ಸೆ ಎಂದರೆ ಲಕ್ಷಗಟ್ಟಲೆ ಖರ್ಚು, ಕೊನೆಗೂ ಸಾವು ಎಂದು ನಂಬಿದವರಿಗೆ ಈ ಒಂದು ರೋಗ ಸಾಕು, ನಂಬಿಕೆ ಬದಲಾಗುತ್ತದೆ. ಹೊಸದಾಗಿ ವೃತ್ತಿಗೆ ಬಂದವರು ಕೀಮೋ ಕೈಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯೂ ಇಲ್ಲ. ಎಚ್ಚರ ಮಾತ್ರ ಪೂರ್ತಿ ಬೇಕು. ವಿನ್‌ಕ್ರಿಸ್ಟಿನ್ ರಕ್ತನಾಳದಿಂದ ಒಂದಿಷ್ಟು ಹೊರಗೆ ಸೋರಿದರೂ ಅಲ್ಲಿನ ಚರ್ಮ, ಮಾಂಸ ಕೊಳೆತು ಉದುರುತ್ತದೆ. ಸರಿಯಾಗಿ ಕೂತ ಕ್ಯಾನುಲಾ ಇಲ್ಲದೆ, ನಾಯಿ ಅಲುಗಾಡದಂತೆ ಹಿಡಿಯುವವರಿಲ್ಲದೆ ಇದನ್ನು ಕೊಡಕೂಡದು. ಕೋಲಿ ಜಾತಿಯ ಕೆಲವು ನಾಯಿಗಳಲ್ಲಿ ಎಂ.ಡಿ.ಆರ್.1 ಜೀನ್ ದೋಷವಿದ್ದು, ಮಾಮೂಲಿ ಪ್ರಮಾಣವೂ ಅವಕ್ಕೆ ವಿಷವಾಗುತ್ತದೆ.

ಇದೇ ಟಿ.ವಿ.ಟಿ. ಕ್ಯಾನ್ಸರ್ ವಿಜ್ಞಾನದ ಆರಂಭದಲ್ಲೂ ಇದೆ. 1876ರಲ್ಲಿ ರಷ್ಯಾದ ಪಶುವೈದ್ಯ ಮಸ್ತಿಸ್ಲಾವ್ ನೊವಿನ್ಸ್ಕಿ ಒಂದು ನಾಯಿಯ ಗಡ್ಡೆಯನ್ನು ಇನ್ನೊಂದಕ್ಕೆ ಕಸಿ ಮಾಡಿ ಬೆಳೆಸಿದ. ಗಡ್ಡೆಯನ್ನು ಪ್ರಯೋಗದಿಂದ ದಾಟಿಸಿದ ಮೊದಲ ಯಶಸ್ಸು ಅದು. 1911ರಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ವೈರಸ್ಸು ಹರಡುತ್ತದೆ ಎಂದು ತೋರಿಸಿದ. ಅದಕ್ಕೆ ನೊಬೆಲ್ ಸಿಕ್ಕಿದ್ದು 1966ರಲ್ಲಿ. ಪ್ರಾಣಿಗಳ ಕ್ಯಾನ್ಸರ್ ವೈದ್ಯವನ್ನು ಮನುಷ್ಯರ ವೈದ್ಯದ ಬಾಲ ಎಂದು ನೋಡುವವರು ಈ ಇತಿಹಾಸ ಓದಬೇಕು. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ವಿತ್ರೋ ಮತ್ತು ಸಂಗಡಿಗರು ಮೂಳೆ ಕ್ಯಾನ್ಸರ್ ಬಂದ ನಾಯಿಗಳ ಕಾಲು ಕತ್ತರಿಸದೆ ಉಳಿಸುವ ಶಸ್ತ್ರಚಿಕಿತ್ಸೆ ರೂಪಿಸಿದರು. ಅಲ್ಲಿ ಕಲಿತದ್ದು ಅದೇ ರೋಗ ಬಂದ ಮಕ್ಕಳ ಕೈಕಾಲು ಉಳಿಸಲು ನೆರವಾಯಿತು. ನಾಯಿಗಳಲ್ಲಿ ಪರೀಕ್ಷೆಯಾದ ಮಿಫಮುರ್ಟೈಡ್ ಎಂಬ ಔಷಧಿಗೆ 2009ರಲ್ಲಿ ಯುರೋಪ್ ಮಕ್ಕಳ ಮೂಳೆ ಕ್ಯಾನ್ಸರಿಗೆ ಅನುಮತಿ ಕೊಟ್ಟಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಲ್ಲೇ ಸಾಕುನಾಯಿಗಳ ಕ್ಯಾನ್ಸರನ್ನು ಮನುಷ್ಯರದ್ದರ ಜೊತೆಯಿಟ್ಟು ನೋಡುವ ಕಾರ್ಯಕ್ರಮ ಆರಂಭಿಸಿತು. ಪ್ರಯೋಗಾಲಯದ ಇಲಿಗೆ ರೋಗ ತಂದು ಹಾಕಬೇಕು. ನಾಯಿಗೆ ಮನೆಯಲ್ಲೇ, ನಮ್ಮದೇ ಗಾಳಿ ನೀರಿನಲ್ಲಿ, ತಾನಾಗಿ ರೋಗ ಬರುತ್ತದೆ. ಸಂಶೋಧನೆಯ ಒಲವುಳ್ಳವರಿಗೆ ಇಲ್ಲಿ ದೊಡ್ಡ ಬಯಲಿದೆ.

ಸಾಕುನಾಯಿಗಳ ಕಥೆಯಲ್ಲಿ ಒಂದು ಸಂಗತಿ ಹೊಸದು: ಅವು ಈಗ ಮುದಿಯಾಗುವಷ್ಟು ಕಾಲ ಬದುಕುತ್ತವೆ. ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಬಂದು, ಆಹಾರ ಸುಧಾರಿಸಿ, ಎಳವೆಯ ಸಾವು ತಪ್ಪಿದ ಮೇಲೆ ವಯಸ್ಸಿನ ರೋಗಗಳು ಎದುರಾದವು. ಹೆಣ್ಣುನಾಯಿಯ ಮೊಲೆಗಡ್ಡೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಎಂಬಷ್ಟು ನೋಡುತ್ತಾರೆ. ಅವುಗಳಲ್ಲಿ ಸುಮಾರು ಅರ್ಧ ಕೆಟ್ಟ ಗಡ್ಡೆಗಳು; ಬೆಕ್ಕಿನಲ್ಲಾದರೆ ಬಹುಪಾಲು ಕೆಟ್ಟವೇ. 1969ರ ಅಧ್ಯಯನವೊಂದು ಮೊದಲ ಬೆದೆಗೆ ಮುಂಚೆ ಅಂಡಾಶಯ, ಗರ್ಭಕೋಶ ತೆಗೆಸಿದ ನಾಯಿಗಳಲ್ಲಿ ಈ ಗಡ್ಡೆಯ ಅಪಾಯ ತೆಗೆಸದ ನಾಯಿಗಳಿಗಿದ್ದ ಅಪಾಯದ ಶೇ. 0.5ಕ್ಕೆ, ಮೊದಲ ಬೆದೆಯ ನಂತರವಾದರೆ ಶೇ. 8ಕ್ಕೆ, ಎರಡನೆಯದರ ನಂತರವಾದರೆ ಶೇ. 26ಕ್ಕೆ ಇಳಿಯುತ್ತದೆ ಎಂದಿತು. ಆ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. 2012ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರು ಪುರಾವೆ ನಾವು ಅಂದುಕೊಂಡಷ್ಟು ಗಟ್ಟಿಯಿಲ್ಲ ಎಂದರು. ಆದರೂ ನಮ್ಮ ಪರಿಸ್ಥಿತಿಯಲ್ಲಿ ಬೇಗ ಆಪರೇಷನ್ ಮಾಡಿಸುವುದೇ ಸರಿ ಎಂಬ ಕಡೆಗೆ ನಾನಿದ್ದೇನೆ. ಗರ್ಭಕೋಶದ ಕೀವು, ಬೇಡದ ಮರಿಗಳು ಅದರಿಂದಲೇ ತಪ್ಪುತ್ತವೆ, ಟಿ.ವಿ.ಟಿ.ಯ ಅಪಾಯವೂ ತಗ್ಗುತ್ತದೆ.

ಹಾಗಾದರೆ ಓದಿನ ದಾರಿ ಯಾವುದು? ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ, ರಾಜ್ಯದ ಸೀಟಿಗೆ ಸಿ.ಇ.ಟಿ., ಅಖಿಲ ಭಾರತ ಕೋಟಾದ ಶೇ. 15 ಸೀಟುಗಳಿಗೆ ನೀಟ್. ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ ಮೊದಲಾದ ಕಡೆ ಕಾಲೇಜುಗಳಿವೆ. ಹೆಬ್ಬಾಳದ್ದು 1958ರಷ್ಟು ಹಳೆಯದು. ಮುಂದೆ ಎರಡು ವರ್ಷದ ಎಂ.ವಿ.ಎಸ್ಸಿ. ಇಲ್ಲಿ ಕವಲು ಎದುರಾಗುತ್ತದೆ, ಏಕೆಂದರೆ ನಮ್ಮ ಸ್ನಾತಕೋತ್ತರ ವಿಭಾಗಗಳಲ್ಲಿ ಆಂಕಾಲಜಿ ಎಂಬ ಹೆಸರಿನ ಪ್ರತ್ಯೇಕ ಬಾಗಿಲಿಲ್ಲ. ಮೆಡಿಸಿನ್, ಸರ್ಜರಿ, ಪೆಥಾಲಜಿ, ಈ ಮೂರರಲ್ಲಿ ಒಂದರ ಮೂಲಕ ಒಳಗೆ ಹೋಗಿ, ಪ್ರಬಂಧದ ವಿಷಯವನ್ನು ಗಡ್ಡೆಗಳ ಮೇಲೆ ಆರಿಸಿಕೊಳ್ಳಬೇಕು. ಚೆನ್ನೈನ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಲೂಧಿಯಾನದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಇಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಇವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಮೆಡಿಸಿನ್, ಸರ್ಜರಿ, ಪೆಥಾಲಜಿ ಮೂರರಲ್ಲಿ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ ಹಿಂದೆಮುಂದೆ ನೋಡದೆ ಪೆಥಾಲಜಿ ಎನ್ನುತ್ತೇನೆ. ಕೈಯಲ್ಲಿ ಕತ್ತರಿ ಹಿಡಿಯುವ ಆಸೆ ಇರುವವರಿಗೆ ಈ ಸಲಹೆ ರುಚಿಸುವುದಿಲ್ಲ. ಆದರೆ ನಮ್ಮಲ್ಲಿ ಪ್ರಾಣಿಗಳ ಕ್ಯಾನ್ಸರ್ ಚಿಕಿತ್ಸೆ ಎಡವುವುದು ಹೆಚ್ಚಾಗಿ ಇಲ್ಲಿಯೇ. ಗಂಟು ಕಂಡರೆ ‘ಕೊಬ್ಬಿನ ಗಂಟು, ಇರಲಿ’ ಎಂದು ಬಿಡುವುದು, ಇಲ್ಲವೇ ಕತ್ತರಿಸಿ ತೆಗೆದು ಕಸದ ಬುಟ್ಟಿಗೆ ಹಾಕುವುದು. ಎರಡು ಹಾದಿಯಲ್ಲೂ ಅದು ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸಿರಿಂಜು, ಒಂದು ತೆಳು ಸೂಜಿ, ಗಾಜಿನ ಸ್ಲೈಡು, ಬಣ್ಣ, ಒಳ್ಳೆಯ ಮೈಕ್ರೋಸ್ಕೋಪು ಇದ್ದರೆ ತಾಲ್ಲೂಕು ಪಶು ಆಸ್ಪತ್ರೆಯಲ್ಲೂ ಅರ್ಧ ಗಂಟೆಯಲ್ಲಿ ಹಲವು ಗಡ್ಡೆಗಳನ್ನು ಗುರುತಿಸಬಹುದು. ಟಿ.ವಿ.ಟಿ.ಯ ದುಂಡು ಕೋಶ, ಅದರೊಳಗಿನ ಪುಟ್ಟ ಗುಳ್ಳೆಗಳು. ಮಾಸ್ಟ್ ಕೋಶದ ನೇರಳೆ ಕಾಳುಗಳು. ಲಿಂಫೋಮಾದ ದೊಡ್ಡ ದೊಡ್ಡ ಲಿಂಫ್ ಕೋಶಗಳು: ಒಮ್ಮೆ ಕಣ್ಣಿಗೆ ಕೂತರೆ ಮರೆಯುವುದಿಲ್ಲ. ಮಾಸ್ಟ್ ಕೋಶದ ಗಡ್ಡೆಯನ್ನು ಎಷ್ಟು ಅಗಲ ಬಿಟ್ಟು ಕತ್ತರಿಸಬೇಕು, ಆಮೇಲೆ ಮದ್ದು ಬೇಕೋ ಬೇಡವೋ ಎಂಬುದೆಲ್ಲ ಅದರ ದರ್ಜೆಯ ಮೇಲೆ ನಿಂತಿದೆ. ಆ ದರ್ಜೆಯ ಪದ್ಧತಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದನ್ನು 1984ರಲ್ಲಿ ಕೊಟ್ಟವರು ನ್ಯೂಯಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಪೆಥಾಲಜಿಸ್ಟ್ ಅಮಿಯ ಪಟ್ನಾಯಕ್. ಸ್ಲೈಡು ನೋಡುವವರ ಒಂದು ಸಾಲಿನ ವರದಿ ಸಾವಿರಾರು ಮೈಲಿ ದೂರದ ಶಸ್ತ್ರವೈದ್ಯನ ಕೈಯನ್ನು ನಡೆಸುತ್ತದೆ.

ಅಮೆರಿಕದ ದಾರಿಯನ್ನೂ ನೇರವಾಗಿ ಹೇಳಬೇಕು. ಅಲ್ಲಿ ತಜ್ಞರೆನಿಸಿಕೊಳ್ಳಲು ಪದವಿಯ ನಂತರ ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಸುಮಾರು ಮೂರು ವರ್ಷ ರೆಸಿಡೆನ್ಸಿ, ಕೊನೆಗೆ ಬೋರ್ಡ್ ಪರೀಕ್ಷೆ. ಕೀಮೋ ಕಡೆಯವರಿಗೆ ಎ.ಸಿ.ವಿ.ಐ.ಎಂ., ವಿಕಿರಣದವರಿಗೆ ಎ.ಸಿ.ವಿ.ಆರ್., ಶಸ್ತ್ರಚಿಕಿತ್ಸೆಯವರಿಗೆ ಎ.ಸಿ.ವಿ.ಎಸ್. ಎಂಬ ಬೇರೆ ಬೇರೆ ಮಂಡಳಿಗಳಿವೆ. ನಮ್ಮ ಪದವೀಧರರು ಅಲ್ಲಿ ವೃತ್ತಿ ನಡೆಸಲು ಇ.ಸಿ.ಎಫ್.ವಿ.ಜಿ. ಅಥವಾ ಪಿ.ಎ.ವಿ.ಇ. ಎಂಬ ಸಮಾನತೆಯ ಮೆಟ್ಟಿಲು ಹತ್ತಿ, ಎನ್.ಎ.ವಿ.ಎಲ್.ಇ. ಪರೀಕ್ಷೆಯನ್ನೂ ದಾಟಬೇಕು. ರೆಸಿಡೆನ್ಸಿ ಜಾಗಗಳು ಕಡಿಮೆ, ಪೈಪೋಟಿ ವಿಪರೀತ, ಖರ್ಚೂ ಸಣ್ಣದಲ್ಲ. ಹೋಗಬಲ್ಲವರು ಖಂಡಿತ ಹೋಗಲಿ. ಹೋಗುವ ಮುನ್ನ ಇಲ್ಲಿ ಎರಡು ಮೂರು ವರ್ಷ ಗಡ್ಡೆಗಳ ಮೇಲೆ ಕೆಲಸ ಮಾಡಿ, ಒಂದೆರಡು ಲೇಖನ ಬರೆದು ಹೋದರೆ ಅಲ್ಲಿ ಅವರ ಮಾತಿಗೆ ತೂಕ ಬರುತ್ತದೆ. ಕೊಂಬಿನ ಕ್ಯಾನ್ಸರಿಗೆ ತಮ್ಮ ಕೈಯಾರೆ ಶಸ್ತ್ರಚಿಕಿತ್ಸೆ ಮಾಡಿದವರು ಅಲ್ಲಿ ಎಷ್ಟು ಜನ ಸಿಕ್ಕಾರು?

ವಿಕಿರಣ ಚಿಕಿತ್ಸೆಯ ಕನಸು ಕಾಣುವವರಿಗೆ ಒಂದು ಮಾತು. ಪ್ರಾಣಿ ಯಂತ್ರದ ಕೆಳಗೆ ಸುಮ್ಮನೆ ಮಲಗುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಪೂರ್ತಿ ಅರಿವಳಿಕೆ ಬೇಕು. ರೋಗ ಬುಡಸಹಿತ ಹೋಗಲೆಂದು ಕೊಡುವ ಚಿಕಿತ್ಸೆಗೆ ಹದಿನೈದು, ಇಪ್ಪತ್ತು ಸರದಿ ಆಗಬಹುದು. ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ಗೋಡೆಗೆ ವಿಕಿರಣ ತಡೆ, ಜೊತೆಗೆ ಭೌತವಿಜ್ಞಾನಿ ಬೇಕು. ಇದು ಒಬ್ಬರ ಸಾಹಸದಿಂದ ಆಗುವ ಕೆಲಸವಲ್ಲ, ಸಂಸ್ಥೆಗಳು ಕಟ್ಟಬೇಕಾದ್ದು. ಅದಕ್ಕಾಗಿ ಕಾಯುತ್ತಾ ಕೂರಬೇಕಾಗಿಲ್ಲ. ಸೂಜಿ, ಕತ್ತರಿ, ಕೀಮೋ, ನೋವಿನ ಮದ್ದು ಇವಿಷ್ಟರಿಂದಲೇ ಮಾಡಬಹುದಾದ ಕೆಲಸ ಬೇಕಾದಷ್ಟು ಬಾಕಿಯಿದೆ.

ಕೀಮೋ ಬಗ್ಗೆ ಜನರಲ್ಲಿರುವ ಭಯ ಮನುಷ್ಯರ ಅನುಭವದಿಂದ ಬಂದದ್ದು. ಪ್ರಾಣಿಗಳಲ್ಲಿ ಗುರಿಯೇ ಬೇರೆ. ಎಷ್ಟು ಸಂಕಟವಾದರೂ ಸರಿ ರೋಗ ಬುಡಸಹಿತ ಕೀಳಬೇಕು ಎಂದು ಇಲ್ಲಿ ಹೊರಡುವುದಿಲ್ಲ. ಉಳಿದ ದಿನಗಳು ಚೆನ್ನಾಗಿರಬೇಕು ಎಂದು ಹೊರಡುತ್ತಾರೆ, ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಇಡುತ್ತಾರೆ. ಹೆಚ್ಚಿನ ನಾಯಿಗಳು ಕೀಮೋ ನಡುವೆಯೂ ಉಣ್ಣುತ್ತವೆ, ಓಡಾಡುತ್ತವೆ. ಲಿಂಫೋಮಾ ಬಂದ ನಾಯಿಗೆ ಏನೂ ಕೊಡದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ವಿನ್‌ಕ್ರಿಸ್ಟಿನ್, ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ಪ್ರೆಡ್ನಿಸೋಲೋನ್ ಸೇರಿಸಿದ ಚಿಕಿತ್ಸೆಗೆ ಬಹುಪಾಲು ನಾಯಿಗಳ ಗಡ್ಡೆಗಳು ಕರಗುತ್ತವೆ, ಬಿ-ಕೋಶದ ಲಿಂಫೋಮಾ ಆದರೆ ಸುಮಾರು ಒಂದು ವರ್ಷ ಒಳ್ಳೆಯ ಬದುಕು ಸಿಗುತ್ತದೆ. ಆ ನಾಯಿಯ ಆಯಸ್ಸಿನ ಲೆಕ್ಕದಲ್ಲಿ ಒಂದು ವರ್ಷ ಸಣ್ಣದಲ್ಲ. ಬೆಕ್ಕಿಗೆ ನಿಯಮಗಳು ಬೇರೆ: ನಾಯಿಗೆ ಕೊಡುವ ಸಿಸ್‌ಪ್ಲಾಟಿನ್ ಬೆಕ್ಕಿನ ಶ್ವಾಸಕೋಶದಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ, 5-ಫ್ಲೂರೋಯುರಾಸಿಲ್ ಅದರ ಮಿದುಳಿಗೆ ವಿಷ. ಇಂಥ ಒಂದು ಅರಿವಿನ ಕೊರತೆ ಒಂದು ಜೀವವನ್ನು ತೆಗೆಯುತ್ತದೆ. ಸ್ವಲ್ಪ ಓದಿ, ಸ್ವಲ್ಪ ಕೇಳಿ ಕೀಮೋ ಕೊಡುವ ಧೈರ್ಯ ಯಾರೂ ಮಾಡಬಾರದು.

ಮದ್ದು ಕೊಡುವವರ ಸುರಕ್ಷತೆಯ ಕುರಿತು ನಮ್ಮಲ್ಲಿ ಮಾತೇ ಕಡಿಮೆ. ಕೀಮೋ ಮದ್ದನ್ನು ಬರಿಗೈಯಲ್ಲಿ, ಫ್ಯಾನಿನ ಕೆಳಗೆ, ಊಟದ ಮೇಜಿನ ಪಕ್ಕ ತಯಾರಿಸಕೂಡದು. ಕೈಗವಸು, ಗೌನು, ಸಾಧ್ಯವಿದ್ದರೆ ಸೋರದ ಮುಚ್ಚಿದ ಸಾಧನಗಳು ಬೇಕು. ಗರ್ಭಿಣಿಯರನ್ನು ಈ ಕೆಲಸದಿಂದ ದೂರ ಇಡಬೇಕು. ಮದ್ದು ಪಡೆದ ನಾಯಿಯ ಮೂತ್ರ, ಮಲ ಕೆಲವು ದಿನ ಅಪಾಯಕಾರಿ ಎಂದು ಮನೆಯವರಿಗೆ, ಮನೆಗೆಲಸದವರಿಗೂ ತಿಳಿಸಬೇಕು. ಆಸ್ಪತ್ರೆ ಸೇರುವಾಗ ಸಂಬಳ ಎಷ್ಟು ಎಂದು ಕೇಳುವುದರ ಜೊತೆಗೆ ಕೀಮೋ ಎಲ್ಲಿ ತಯಾರಿಸುತ್ತೀರಿ ಎಂದೂ ಕೇಳಿ. ಆ ಉತ್ತರದಲ್ಲಿ ಆ ಜಾಗದ ಗುಣ ತಿಳಿಯುತ್ತದೆ.

ಮನಸ್ಸಿನ ಭಾರದ ಮಾತು ಹೇಳದೆ ಈ ಸಮೀಕ್ಷೆ ಪೂರ್ತಿಯಾಗದು. ಈ ವೈದ್ಯರು ತಾವು ಪ್ರೀತಿಯಿಂದ ನೋಡಿಕೊಂಡ ರೋಗಿಯನ್ನೇ ಕೊನೆಯಲ್ಲಿ ದಯಾಮರಣಕ್ಕೆ ಒಪ್ಪಿಸಬೇಕಾಗುತ್ತದೆ. ಮನೆಯವರು ‘ಡಾಕ್ಟ್ರೇ, ನಿಮ್ಮ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುತ್ತಾರೆ. ಖರ್ಚು ಭರಿಸಲಾಗದವರು ತಲೆ ತಗ್ಗಿಸಿ ನಿಲ್ಲುತ್ತಾರೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ ಪ್ರಾಣಿಯ ಬದುಕಿನ ಗುಣಮಟ್ಟ ಅಳೆಯಲು ಒಂದು ಅಳತೆಗೋಲು ಕೊಟ್ಟರು. ನೋವು, ಊಟ, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬ ಏಳು ಪ್ರಶ್ನೆಗಳು ಅವು. ಇವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಯವರ ಕೈಗೆ ಕೊಟ್ಟರೆ ನಿರ್ಧಾರ ವೈದ್ಯರೊಬ್ಬರ ಹೆಗಲ ಮೇಲೆ ಬೀಳುವುದಿಲ್ಲ. ಮನೆಯವರೂ ತಮ್ಮ ಪ್ರಾಣಿಯನ್ನು ದಿನವೂ ಗಮನಿಸಿ ನೋಡುವುದನ್ನು ಕಲಿಯುತ್ತಾರೆ. ಗುಣಪಡಿಸಲಾಗದ ಎತ್ತಿಗೂ ನೋವು ಕಡಿಮೆ ಮಾಡುವ ಮದ್ದು ಕೊಡುವುದು, ಹುಳು ತೆಗೆದು ಗಾಯ ತೊಳೆಯುವುದು ಕ್ಯಾನ್ಸರ್ ವೈದ್ಯದ ಭಾಗವೇ. ಅದನ್ನು ಸೋಲು ಎಂದು ಬಗೆಯುವವರು ಈ ವೃತ್ತಿಯಲ್ಲಿ ಬಹುಕಾಲ ಉಳಿಯುವುದಿಲ್ಲ.

ಕೊನೆಯದಾಗಿ ದಾಖಲೆ. ಮನುಷ್ಯರ ಕ್ಯಾನ್ಸರಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1980ರ ದಶಕದ ಆರಂಭದಿಂದಲೂ ನೋಂದಣಿ ನಡೆಯುತ್ತಿದೆ. ಯಾವ ಕ್ಯಾನ್ಸರ್ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ನಾವು ಹೇಳಬಲ್ಲೆವೆಂದರೆ ಅದರಿಂದ. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಪ್ರಾಣಿಗಳ ಗಡ್ಡೆಗಳ ನೋಂದಣಿ 1963ರಲ್ಲೇ ಶುರುವಾಗಿತ್ತು. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಪಶುವೈದ್ಯರು ಮೇಲಿನಿಂದ ಆದೇಶ ಬರಲೆಂದು ಕಾಯದೆ ತಮ್ಮ ಚಿಕಿತ್ಸಾಲಯದಲ್ಲೇ ಒಂದು ರಿಜಿಸ್ಟರ್ ತೆರೆಯಬಹುದು: ಪ್ರಾಣಿ, ತಳಿ, ವಯಸ್ಸು, ಲಿಂಗ, ಬೀಜ ಒಡೆದಿದೆಯೇ, ಊರು, ಗಡ್ಡೆ ಇರುವ ಜಾಗ, ಅಳತೆ, ಸ್ಲೈಡಿನಲ್ಲಿ ಕಂಡದ್ದು, ಕೊಟ್ಟ ಚಿಕಿತ್ಸೆ, ಮೂರು ತಿಂಗಳ ನಂತರ ಹೇಗಿದೆ. ಸ್ಲೈಡನ್ನು ಎಸೆಯದೆ ನಂಬರು ಹಾಕಿ ಪೆಟ್ಟಿಗೆಯಲ್ಲಿಡಬೇಕು. ಹತ್ತು ತಾಲ್ಲೂಕುಗಳಲ್ಲಿ ಹತ್ತು ಜನ ಐದು ವರ್ಷ ಹೀಗೆ ಬರೆದರೆ, ಕೊಂಬಿನ ಕ್ಯಾನ್ಸರ್ ಹಳೇ ಮೈಸೂರು ಸೀಮೆಯಲ್ಲಿ ಎಷ್ಟು, ಉತ್ತರ ಕರ್ನಾಟಕದಲ್ಲಿ ಎಷ್ಟು, ಯಾವ ತಳಿಯಲ್ಲಿ, ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆಗೆ ನಮ್ಮದೇ ಲೆಕ್ಕದಿಂದ ಉತ್ತರ ಬರುತ್ತದೆ. ಹೆಬ್ಬಾಳದಲ್ಲೋ ಬೀದರಿನಲ್ಲೋ ಪೆಥಾಲಜಿ ವಿಭಾಗ ಆ ಸ್ಲೈಡುಗಳನ್ನು ಮತ್ತೊಮ್ಮೆ ನೋಡಲು ಒಪ್ಪಿದರೆ ಕೆಲಸ ನಾಳೆಯೇ ಶುರುವಾಗಬಹುದು.